ಬಂಡಿದಾರಿಯಲ್ಲಿ ತಿರುಗುವ ಟ್ರೇಲರ್

ನಮ್ಮ ಮನೆಯಲ್ಲಿ ನಾವು ಐದು ಜನ: ಎರಡೂ ಮಂಡಿ ನೋಯುವ ಎಪ್ಪತ್ತೆರಡು ವರ್ಷದ ಅತ್ತೆಯವರು, ನಾನು, ನಮ್ಮ ಮನೆಯವರು, ಒಂಬತ್ತನೆಯ ತರಗತಿಯ ಮಗಳು ಮತ್ತು ನಾಲ್ಕನೆಯ ತರಗತಿಯ ಮಗ. ತುಮಕೂರಿನಲ್ಲಿ ವಾಸ, ಗುಬ್ಬಿ ತಾಲ್ಲೂಕಿನಲ್ಲಿ ತೆಂಗಿನ ತೋಟ. ತೋಟದಲ್ಲಿ ಪಂಪ್‌ಸೆಟ್ಟಿನ ಕೊಠಡಿ ಬಿಟ್ಟರೆ ಮನೆ ಇಲ್ಲ. ವರ್ಷದಲ್ಲಿ ಹಲವು ರಾತ್ರಿ ಅಲ್ಲಿ ಉಳಿಯಬೇಕು, ಮಕ್ಕಳ ರಜೆಯಲ್ಲಿ ಬೇರೆ ಊರುಗಳನ್ನೂ ನೋಡಬೇಕು, ಅತ್ತೆಯವರನ್ನು ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಹೋಗಬಾರದು ಎಂಬ ಮೂರು ಕಾರಣಗಳಿಗಾಗಿ ನಾವು ಕಾರಿನ ಹಿಂದೆ ಎಳೆದೊಯ್ಯುವ ಕ್ಯಾಂಪಿಂಗ್ ಟ್ರೇಲರ್ ಕೊಂಡೆವು. ಹನ್ನೊಂದು ತಿಂಗಳಲ್ಲಿ ಹದಿನಾಲ್ಕು ರಾತ್ರಿ ಅದರಲ್ಲಿ ಮಲಗಿದ್ದೇವೆ. ಕೊಳ್ಳುವ ಮೊದಲು ಯಾರಾದರೂ ನನಗೆ ಹೇಳಬೇಕಿತ್ತು ಎನಿಸಿದ ಸಂಗತಿಗಳನ್ನು, ಕೊಂಡ ವಸ್ತುವಿನ ಗುಣದೋಷಗಳೊಂದಿಗೆ, ಇಲ್ಲಿ ಬರೆದಿದ್ದೇನೆ.

ಕೊಳ್ಳುವುದಕ್ಕೆ ಮುಂಚೆ ಒಂದು ದೊಡ್ಡ ಕ್ಯಾರವಾನನ್ನು ಎರಡು ರಾತ್ರಿಗೆ ಬಾಡಿಗೆಗೆ ತಂದಿದ್ದೆವು, ಮತ್ತು ಆ ಬಾಡಿಗೆಯ ಹಣ ನಾವು ಮಾಡಿದ ಖರ್ಚುಗಳಲ್ಲೆಲ್ಲ ಅತ್ಯಂತ ಸಾರ್ಥಕವಾದದ್ದು ಎಂದು ಈಗಲೂ ನಂಬಿದ್ದೇನೆ. ಹದಿನಾರು ಅಡಿ ಉದ್ದದ ಅದರೊಳಗೆ ಅಡುಗೆಕಟ್ಟೆ, ಸ್ನಾನದ ಮೂಲೆ, ನಾಲ್ವರಿಗೆ ಹಾಸಿಗೆ ಎಲ್ಲವೂ ಇದ್ದವು, ನೋಡಲು ಬಹಳ ಚೆನ್ನಾಗಿತ್ತು. ಆದರೆ ನಮ್ಮ ತೋಟಕ್ಕೆ ಹೋಗುವುದು ಎರಡು ಬೇಲಿಗಳ ನಡುವಿನ ಬಂಡಿದಾರಿ. ಕೊನೆಯ ತಿರುವಿನಲ್ಲಿ ಕ್ಯಾರವಾನ್ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಒಂದೂವರೆ ಗಂಟೆ ಹೆಣಗಾಡಿ, ಪಕ್ಕದ ಹೊಲದವರು ಬೇಲಿ ಬಿಚ್ಚಿಕೊಟ್ಟ ಮೇಲೆ ಹೊರಗೆ ತಂದು, ಊರ ಮುಂದಿನ ಬಯಲಿನಲ್ಲಿ ನಿಲ್ಲಿಸಿದೆವು. ಆ ರಾತ್ರಿ ಅತ್ತೆಯವರು ನೆಲದಿಂದ ಮೂರು ಅಡಿಗೂ ಮೇಲಿದ್ದ ಹಾಸಿಗೆಗೆ ಹತ್ತಲಾರದೆ, ಊಟದ ಮೇಜಿನ ಬೆಂಚಿನ ಮೇಲೆ ಕುಳಿತೇ ಬೆಳಗು ಮಾಡಿದರು. ಒಳಗಿನ ಶೌಚಾಲಯದ ತೊಟ್ಟಿಯನ್ನು ಖಾಲಿ ಮಾಡುವ ಏರ್ಪಾಡು ನಾವು ನಿಂತ ಯಾವ ಜಾಗದಲ್ಲೂ ಇರಲಿಲ್ಲವಾದ್ದರಿಂದ ಅದನ್ನು ಬಳಸುವುದಕ್ಕೇ ಹೆದರಿದೆವು.

ಮನೆಗೆ ಮರಳಿದ ಮೇಲೆ ಅತ್ತೆಯವರು ಹೇಳಿದ್ದು ಒಂದೇ ಮಾತು: "ರಾತ್ರಿ ನಾನು ಎದ್ದರೆ ನಿಮ್ಮನ್ನು ಯಾರನ್ನೂ ಎಬ್ಬಿಸದೆ ಹೋಗಿ ಬರುವಂತಿರಲಿ ಕಣಮ್ಮ, ಅಷ್ಟಿದ್ದರೆ ಸಾಕು." ನಮ್ಮ ಆಯ್ಕೆ ಶುರುವಾದದ್ದು ಆ ಮಾತಿನಿಂದ. ಮಾರುವವರು ತೋರಿಸುವ ಚಿತ್ರಗಳಲ್ಲಿ ಎಷ್ಟು ಜನ ಮಲಗಬಹುದು ಎಂಬ ಲೆಕ್ಕ ಇರುತ್ತದೆಯೇ ಹೊರತು, ರಾತ್ರಿ ಎರಡು ಸಲ ಏಳುವವರು ಎಲ್ಲಿ ಕಾಲಿಡಬೇಕು ಎಂಬ ಲೆಕ್ಕ ಇರುವುದಿಲ್ಲ. ಕುಟುಂಬದಲ್ಲಿ ಯಾರಿಗೆ ಹೆಚ್ಚು ಕಷ್ಟವಾಗುತ್ತದೆಯೋ ಅವರ ಹಾಸಿಗೆಯನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದವರನ್ನು ಅದರ ಸುತ್ತ ಹೊಂದಿಸಬೇಕು ಎಂದು ನಾವು ತೀರ್ಮಾನಿಸಿದೆವು.

ಕಾರಿನ ಚಾವಣಿಯ ಮೇಲೆ ಬಿಚ್ಚುವ ಟೆಂಟು ಏಣಿ ಹತ್ತಬೇಕಾದ್ದರಿಂದ ಆಗಲೇ ಬಿಟ್ಟುಹೋಯಿತು. ಹನಿಯಾಕಾರದ ಪುಟ್ಟ ಟ್ರೇಲರಿನಲ್ಲಿ ಇಬ್ಬರಿಗಿಂತ ಹೆಚ್ಚು ಜನ ಮಲಗಲಾರರು. ಮಡಚಿ ಬಿಚ್ಚುವ ಕ್ಯಾನ್ವಾಸ್ ಟ್ರೇಲರ್ ವಿಚಾರದಲ್ಲಿ ಮಾತ್ರ ಬಹಳ ದಿನ ಯೋಚಿಸಿದೆವು, ಏಕೆಂದರೆ ಅದು ಹಗುರ, ಬಿಚ್ಚಿದಾಗ ವಿಶಾಲ, ಬೇಸಿಗೆಯಲ್ಲಿ ಗಾಳಿಯೂ ಧಾರಾಳ. ಕೈಬಿಡಲು ಎರಡು ಕಾರಣಗಳಿದ್ದವು. ನಮ್ಮ ಕಡೆ ಮಳೆಯ ಬಲ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ದಸರಾ ರಜೆಯೂ ಅದೇ ಹೊತ್ತಿಗೆ. ಒದ್ದೆ ಕ್ಯಾನ್ವಾಸನ್ನು ಮಡಚಿ ತಂದು ಆ ದಿನವೇ ಒಣಹಾಕದಿದ್ದರೆ ಬೂಷ್ಟು ಹಿಡಿಯುತ್ತದೆ, ಮತ್ತು ಮೂವತ್ತು ನಲವತ್ತರ ನಿವೇಶನದ ಮನೆಯಲ್ಲಿ ಅಷ್ಟಗಲದ ಬಟ್ಟೆಯನ್ನು ಬಿಚ್ಚಿ ಹರಡಲು ಜಾಗವಿಲ್ಲ. ಎರಡನೆಯದು ಇದಕ್ಕಿಂತ ದೊಡ್ಡದು. 2019ರ ಕೊನೆಯಲ್ಲಿ ಮತ್ತು 2020ರ ಆರಂಭದಲ್ಲಿ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಚಿರತೆಯ ದಾಳಿಯಿಂದ ಜೀವಗಳೇ ಹೋದವು. ಸತ್ತವರಲ್ಲಿ ಮಕ್ಕಳೂ ಇದ್ದರು. ಆ ದಿನಗಳನ್ನು ಕಂಡ ಯಾರೂ ತಮ್ಮ ಮಕ್ಕಳನ್ನು ಬಟ್ಟೆಯ ಗೋಡೆಯೊಳಗೆ ಮಲಗಿಸಿ ನಿದ್ರೆ ಮಾಡಲಾರರು. ಗಟ್ಟಿ ಗೋಡೆ, ಗಟ್ಟಿ ಬಾಗಿಲು ಇರಲೇಬೇಕು ಎಂಬುದು ನಮ್ಮ ಊರಿನ ಅಗತ್ಯ.

ಗಟ್ಟಿ ಗೋಡೆಯೂ ಬೇಕು, ಬಂಡಿದಾರಿಯಲ್ಲೂ ತಿರುಗಬೇಕು, ಐದು ಜನರೂ ಮಲಗಬೇಕು ಎಂದರೆ ಲೆಕ್ಕ ಕೂಡುವುದಿಲ್ಲ. ಅದನ್ನು ಕೂಡಿಸಿದ್ದು ನಮ್ಮ ಮನೆಯವರಿಗೆ ಹೊಳೆದ ಒಂದು ವಿಚಾರ: ಎಳೆಯುವ ಕಾರನ್ನೇ ಎರಡನೆಯ ಕೋಣೆ ಎಂದು ಎಣಿಸುವುದು. ನಮ್ಮದು ಏಳು ಸೀಟಿನ ಡೀಸೆಲ್ ವಾಹನ. ಹಿಂದಿನ ಎರಡೂ ಸಾಲುಗಳನ್ನು ಮಡಚಿ ಹಾಸಿಗೆ ಹಾಕಿದರೆ ಅವರು ಮತ್ತು ಮಗ ಆರಾಮವಾಗಿ ಮಲಗುತ್ತಾರೆ. ಟ್ರೇಲರಿನಲ್ಲಿ ಅತ್ತೆಯವರು, ಮಗಳು, ನಾನು. ಹೀಗೆ ಹಾಸಿಗೆಯ ಲೆಕ್ಕ ಐದರಿಂದ ಮೂರಕ್ಕೆ ಇಳಿದ ಕೂಡಲೇ ಟ್ರೇಲರಿನ ಉದ್ದ, ತೂಕ, ಬೆಲೆ ಮೂರೂ ಇಳಿದವು. ದೊಡ್ಡ ಕ್ಯಾರವಾನಿನ ಆಸೆಯಲ್ಲಿರುವ ಕುಟುಂಬಗಳು ಒಂದು ರಾತ್ರಿ ತಮ್ಮ ಕಾರಿನಲ್ಲಿ ಮಲಗಿ ನೋಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನಾವು ಕೊಂಡದ್ದು ಹತ್ತು ಅಡಿ ಉದ್ದ, ಆರು ಅಡಿ ಅಗಲದ, ಪಫ್ ಪ್ಯಾನೆಲ್ (ಎರಡು ತಗಡುಗಳ ನಡುವೆ ಫೋಮ್ ತುಂಬಿದ ಹಲಗೆ) ಗೋಡೆಗಳ, ಒಂದೇ ಅಚ್ಚಿನ, ಎಂದರೆ ಎರಡೇ ಚಕ್ರದ, ಪೆಟ್ಟಿಗೆ. ಹೊರಕವಚವನ್ನು ತಯಾರಕರಿಂದಲೇ ಕೊಂಡು, ಒಳಗಿನ ಮರಗೆಲಸವನ್ನು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆವು. ಇಡೀ ಟ್ರೇಲರನ್ನೇ ಸ್ಥಳೀಯವಾಗಿ ಕಟ್ಟಿಸಿದರೆ ಅಗ್ಗವಾಗುತ್ತದೆ ಎಂದು ಹಲವರು ಸಲಹೆ ಕೊಟ್ಟಿದ್ದರು. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಅದಕ್ಕೆ ತನ್ನದೇ ನೋಂದಣಿ ಬೇಕು, ನಮ್ಮಲ್ಲಾದರೆ ಕೆಎ-06 ಸರಣಿಯ ಸಂಖ್ಯೆ ಬೇಕು. ತಯಾರಕರು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ತಮ್ಮ ಮಾದರಿಯನ್ನು ಪರೀಕ್ಷೆಗೆ ಒಪ್ಪಿಸಿ ಪ್ರಮಾಣಪತ್ರ ಪಡೆದಿರಬೇಕು. ಆ ಪತ್ರದ ಪ್ರತಿಯನ್ನು ಕೈಗೆ ಕೊಡದವರಿಗೆ ಮುಂಗಡ ಕೊಡಬೇಡಿ. ನಮ್ಮದು ಒಟ್ಟು ತೂಕ 750 ಕೆಜಿ ಮೀರದ ಟಿ-1 ವರ್ಗಕ್ಕೆ ಸೇರಿದ್ದು. ನಿಮ್ಮ ಕಾರು ಎಷ್ಟು ಭಾರ ಎಳೆಯಬಲ್ಲದು ಎಂಬುದನ್ನು ಕಾರಿನ ಕೈಪಿಡಿಯಲ್ಲೇ ಓದಿ ನೋಡಬೇಕು. ಎಂಜಿನ್ ಬಲವಾಗಿದೆ ಎಂಬ ನಂಬಿಕೆ ಸಾಲದು, ಏಕೆಂದರೆ ಎಳೆಯುವುದಕ್ಕಿಂತ ನಿಲ್ಲಿಸುವುದೇ ಕಷ್ಟ.

ತೂಕದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾವು ಎಡವಿದ್ದು ಇಲ್ಲಿಯೇ. ಮಾರಾಟಗಾರರ ಕಾಗದದಲ್ಲಿ ಖಾಲಿ ತೂಕ 480 ಕೆಜಿ ಎಂದಿತ್ತು. 750ರಲ್ಲಿ ಅದನ್ನು ಕಳೆದರೆ ನಮ್ಮ ಸಾಮಾನಿಗೆ 270 ಕೆಜಿ ಉಳಿಯುತ್ತದೆ. ನಮ್ಮ ಪಟ್ಟಿ ಹೀಗಿತ್ತು: ನೀರು 60, ಬ್ಯಾಟರಿ ಮತ್ತು ಇನ್ವರ್ಟರ್ 20, ಫ್ರಿಜ್ 18, ಒಲೆ ಮತ್ತು ಐದು ಕೆಜಿಯ ಗ್ಯಾಸ್ ಸಿಲಿಂಡರ್ 18, ಹಾಸಿಗೆ ಹೊದಿಕೆ 35, ಪಾತ್ರೆ ದಿನಸಿ 45, ಶೌಚದ ಪೆಟ್ಟಿಗೆ 10, ಮೇಲ್ಕಟ್ಟು ಮತ್ತು ಕುರ್ಚಿ ಮೇಜು 30, ಒಟ್ಟು 236. ಇನ್ನೂ 34 ಕೆಜಿ ಮಿಗುತ್ತದೆ ಎಂದು ಸಮಾಧಾನಪಟ್ಟಿದ್ದೆವು. ಒಳಗಿನ ಕೆಲಸ ಶುರುವಾಗುವ ಮುನ್ನ ಯಾವುದಕ್ಕೂ ಇರಲಿ ಎಂದು ವೇಬ್ರಿಡ್ಜಿಗೆ ಒಯ್ದು ತೂಗಿಸಿದಾಗ ಕಂಡದ್ದು 490. ಸ್ಟೆಪ್ನಿ ಮತ್ತು ಅದರ ಕಬ್ಬಿಣದ ಚೌಕಟ್ಟನ್ನು ಕಾಗದದಲ್ಲಿ ಸೇರಿಸಿರಲಿಲ್ಲ. ಮರಗೆಲಸ ಮುಗಿದ ಮೇಲೆ ತೂಗಿಸಿದಾಗ 525 ಬಂತು. ಉಳಿದದ್ದು 225 ಕೆಜಿ ಮಾತ್ರ. ಈಗ ಹೊರಡುವಾಗ 40 ಲೀಟರ್ ನೀರನ್ನಷ್ಟೇ ತುಂಬಿಕೊಂಡು, ಉಳಿದದ್ದನ್ನು ತಲುಪಿದ ಜಾಗದಲ್ಲಿ ತುಂಬಿಸಿಕೊಳ್ಳುತ್ತೇವೆ. ಒಂದು ಲೀಟರ್ ನೀರು ಎಂದರೆ ಒಂದು ಕೆಜಿ ಎಂಬುದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದೆ. ತೂಗಿಸುವುದಕ್ಕೆ ತಗಲುವ ಹಣ ಅತ್ಯಲ್ಪ. ಕೊಳ್ಳುವ ದಿನವೇ, ಮಾರುವವರ ಎದುರಿನಲ್ಲೇ, ತೂಗಿಸಬೇಕಿತ್ತು.

ಒಟ್ಟು ತೂಕ ಸರಿಯಿದ್ದರೂ ಅದು ಎಲ್ಲಿ ಕುಳಿತಿದೆ ಎಂಬುದು ಬೇರೆಯ ಪ್ರಶ್ನೆ. ಮೊದಲ ಸಲ ಹೊರಟಾಗ ನೀರಿನ ತೊಟ್ಟಿ ಟ್ರೇಲರಿನ ಹಿಂಬದಿಯಲ್ಲಿತ್ತು. ಶಿರಾ ಕಡೆಯ ಹೆದ್ದಾರಿಯಲ್ಲಿ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿದ್ದಾಗ ಒಂದು ಲಾರಿ ನಮ್ಮನ್ನು ದಾಟಿತು. ಅದರ ಗಾಳಿಗೆ ಟ್ರೇಲರ್ ಎಡಕ್ಕೂ ಬಲಕ್ಕೂ ಬಾಲದಂತೆ ಆಡತೊಡಗಿತು. ನಮ್ಮ ಮನೆಯವರು ಬ್ರೇಕ್ ಒತ್ತದೆ, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದದ್ದರಿಂದ ನಿಧಾನವಾಗಿ ತಹಬಂದಿಗೆ ಬಂತು. ಆ ಕೆಲವು ಕ್ಷಣಗಳನ್ನು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಕಾರಣವನ್ನು ತಿಳಿಸಿಕೊಟ್ಟವರು ಗುಬ್ಬಿಯ ನಮ್ಮ ಚಿಕ್ಕಮಾವನವರು. ಎತ್ತಿನ ಗಾಡಿ ಹೂಡಿದವರಿಗೆ ಇದು ಹೊಸದಲ್ಲ ಎಂದರು ಅವರು: ಗಾಡಿ ಹಿಂಭಾರವಾದರೆ ನೊಗಕ್ಕೆ ಸೇರುವ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ, ತೀರ ಮುಂಭಾರವಾದರೆ ಹೆಗಲು ಕಿತ್ತುಹೋಗುತ್ತದೆ, ಹೇರು ಹೇರುವಾಗಲೇ ಮೂಕಿಯನ್ನು ಎತ್ತಿ ನೋಡಬೇಕು. ಟ್ರೇಲರಿನ ಮೂಕಿಯನ್ನೂ ಹಾಗೆಯೇ ನೋಡಿದೆವು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ಕಾರಿಗೆ ಟ್ರೇಲರನ್ನು ಸಿಕ್ಕಿಸುವ ಕೊಂಡಿಯಾದ ಹಿಚ್ಚಿನಷ್ಟೇ ಎತ್ತರದ ಮರದ ತುಂಡನ್ನು ನಿಲ್ಲಿಸಿ, ಅದರ ಮೇಲೆ ಮೂತಿಯನ್ನು ಇಳಿಸಿದರೆ ಭಾರ ತಿಳಿಯುತ್ತದೆ. ನಮ್ಮದು 35 ಕೆಜಿ ತೋರಿಸಿತು. ಒಟ್ಟು ತೂಕದ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಇರಬೇಕು ಎಂಬುದು ಬಳಕೆಯಲ್ಲಿರುವ ಲೆಕ್ಕ. ಕಾರಿನ ಹಿಚ್ ತಡೆಯುವ ಮಿತಿಯನ್ನೂ ಅದು ದಾಟಬಾರದು. ನೀರಿನ ತೊಟ್ಟಿಯನ್ನು ಅಚ್ಚಿನ ನೇರಕ್ಕೆ ತಂದು, ದಿನಸಿಯ ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಿದ ಮೇಲೆ 68 ಕೆಜಿ ಆಯಿತು. ಅಲ್ಲಿಂದೀಚೆಗೆ ಟ್ರೇಲರ್ ಒಮ್ಮೆಯೂ ಆಡಿಲ್ಲ. ತೊಟ್ಟಿ ಅಚ್ಚಿನ ಮೇಲಿದ್ದರೆ ನೀರು ಖಾಲಿಯಾದಾಗಲೂ ತೂಕದ ಹೊಂದಾಣಿಕೆ ಕೆಡುವುದಿಲ್ಲ ಎಂಬ ಅನುಕೂಲವೂ ಇದೆ. ಆದರೂ ನಾವು 60ರ ವೇಗವನ್ನು ಮೀರುವುದಿಲ್ಲ. ನಮ್ಮ ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲ. ದೇವರಾಯನದುರ್ಗದ ತಿರುವುಗಳಲ್ಲಿ ಅದನ್ನು ಎಳೆದುಕೊಂಡು ಇಳಿಯುವ ಸಾಹಸಕ್ಕೆ ಹೋಗದೆ, ಬೆಟ್ಟದ ತಪ್ಪಲಿನ ಪರಿಚಯದವರ ಅಂಗಳದಲ್ಲಿ ಬಿಟ್ಟು, ಕಾರಿನಲ್ಲಿ ಹೋಗಿ ಭೋಗನರಸಿಂಹ, ಯೋಗನರಸಿಂಹರ ದರ್ಶನ ಮಾಡಿ ಬಂದೆವು. ಅಲ್ಲಿನ ಕಾಡು ಮೀಸಲು ಅರಣ್ಯ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರೊಳಗೆ ರಾತ್ರಿ ತಂಗುವಂತಿಲ್ಲ.

ಒಳಗಿನ ಮರಗೆಲಸದ ಬಗ್ಗೆ ನನಗೆ ತುಂಬು ಸಂತೋಷವಿದೆ. ಅತ್ತೆಯವರ ಎತ್ತರ ಐದಡಿ. ಅವರಿಗೆ ಐದೂವರೆ ಅಡಿಯ ಒಂಟಿ ಮಂಚ, ಬಾಗಿಲಿನ ಎದುರು ಗೋಡೆಗೆ. ಹದಿನೆಂಟು ಅಂಗುಲ ಎತ್ತರವಿರುವುದರಿಂದ ಕುಳಿತರೆ ಪಾದ ನೆಲಕ್ಕೆ ಊರುತ್ತದೆ. ಹಿಂಬದಿಯಲ್ಲಿ ಅಡ್ಡಲಾಗಿ ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಹಾಸಿಗೆ, ಅದು ಮಗಳಿಗೂ ನನಗೂ. ಮುಂದಿನ ಮೂಲೆಯಲ್ಲಿ ದಪ್ಪ ಪರದೆಯ ಹಿಂದೆ, ಎತ್ತಿ ಒಯ್ಯಬಹುದಾದ ಶೌಚದ ಪೆಟ್ಟಿಗೆ. ಅದರ ಕೆಳಗಿನ ತೊಟ್ಟಿಯನ್ನು ಕಳಚಿ ಯಾವುದೇ ಮನೆಯ ಶೌಚಾಲಯದಲ್ಲಿ ಖಾಲಿ ಮಾಡಬಹುದಾದ್ದರಿಂದ ದೊಡ್ಡ ಕ್ಯಾರವಾನಿನ ತೊಂದರೆ ಇಲ್ಲಿಲ್ಲ. ಮಂಚದಿಂದ ಅಲ್ಲಿಗೆ ಎರಡೇ ಹೆಜ್ಜೆ, ಗೋಡೆಯುದ್ದಕ್ಕೂ ಹಿಡಿಕೆ, ನೆಲದ ಮಟ್ಟದಲ್ಲಿ ಮಂದ ಬೆಳಕಿನ ಸಣ್ಣ ದೀಪ. ಟ್ರೇಲರಿನ ನೆಲ ಎರಡು ಅಡಿ ಎತ್ತರದಲ್ಲಿದೆ. ಕಂಪನಿಯವರು ಕೊಟ್ಟಿದ್ದ ಮಡಚುವ ಕಬ್ಬಿಣದ ಮೆಟ್ಟಿಲು ಬಹಳ ಕಿರಿದಾಗಿ ಅಲುಗಾಡುತ್ತಿದ್ದುದರಿಂದ, ಎರಡು ಪಾದವೂ ಒಟ್ಟಿಗೆ ಊರುವಷ್ಟು ಅಗಲದ ಮರದ ಮೆಟ್ಟಿಲನ್ನು ಮಾಡಿಸಿದೆವು. ಮೊದಲ ರಾತ್ರಿ ಕಳೆದು ಬೆಳಗಾದಾಗ ಅತ್ತೆಯವರು ಎದ್ದದ್ದು ನಮಗೆ ಗೊತ್ತೇ ಆಗಿರಲಿಲ್ಲ.

ಅಡುಗೆಯ ವ್ಯವಸ್ಥೆಯಲ್ಲಿ ತಯಾರಕರ ಕಲ್ಪನೆಗೂ ನಮ್ಮ ಊಟಕ್ಕೂ ಹೊಂದಿಕೆ ಆಗಲಿಲ್ಲ. ಹಿಂಬದಿಯ ಮುಚ್ಚಳ ಎತ್ತಿ, ಹಳಿಗಳ ಮೇಲೆ ಒಲೆಯನ್ನು ಹೊರಗೆಳೆಯುವ ಏರ್ಪಾಡು ಕಾಫಿಗೆ, ದೋಸೆಗೆ ಸಾಕು. ಮುದ್ದೆಗೆ ಸಾಲದು. ಪಾತ್ರೆಯನ್ನು ಅದುಮಿ ಹಿಡಿದು ಮುದ್ದೆ ಕೋಲಿನಿಂದ ಹಿಟ್ಟು ತೊಳಸುವಾಗ ಬೀಳುವ ಬಲಕ್ಕೆ ಆ ಹಳಿಗಳು ಬಗ್ಗುತ್ತವೆ. ಎತ್ತರವೂ ಹೆಚ್ಚಾದ್ದರಿಂದ ತೋಳಿನ ಬಲ ಕೆಳಕ್ಕೆ ಇಳಿಯುವುದಿಲ್ಲ. ಈಗ ಮುದ್ದೆಗೆಂದೇ ನೆಲದ ಮೇಲಿಡುವ ಗಿಡ್ಡ ಕಬ್ಬಿಣದ ಒಲೆ ಒಯ್ಯುತ್ತೇವೆ. ರಾಗಿ ಉಣ್ಣುವ ಮನೆಯವರು ಹೊರಗೆಳೆಯುವ ದುಬಾರಿ ಅಡುಗೆಕಟ್ಟೆಗೆ ಹಣ ಹಾಕುವ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗ್ಯಾಸಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಪೆಟ್ಟಿಗೆ ಮಲಗುವ ಭಾಗದಿಂದ ಪೂರ್ತಿ ಹೊರಗಿರಬೇಕು, ಅದರ ತಳದಲ್ಲಿ ಗಾಳಿಕಂಡಿ ಇರಬೇಕು. ಚಳಿಯೆಂದು ಇದ್ದಿಲ ಕೆಂಡವನ್ನು ಒಳಗಿಟ್ಟು ಮಲಗುವುದಂತೂ ಪ್ರಾಣಕ್ಕೇ ಅಪಾಯ.

ವಿದ್ಯುತ್ತಿಗೆ 12.8 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಇದೆ. ಅಂದರೆ 1,280 ವ್ಯಾಟ್-ಅವರ್. ಫ್ರಿಜ್ಜು, ರಾತ್ರಿಯಿಡೀ ಎರಡು ಫ್ಯಾನು, ದೀಪ, ಫೋನುಗಳಿಗೆ ದಿನಕ್ಕೆ ಸುಮಾರು 900 ಬೇಕಾಗುತ್ತದೆ. 200 ವ್ಯಾಟಿನ ಸೌರಫಲಕ ಬಿಸಿಲಿನ ದಿನ ಹೆಚ್ಚುಕಡಿಮೆ 800 ಕೊಡುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಇರುವ ಜಿಲ್ಲೆ ನಮ್ಮದು, ಬಿಸಿಲಿಗೆ ಕೊರತೆಯಿಲ್ಲ. ಏಸಿ ಹಾಕಿಸಿ ಎಂದು ಮಾರಾಟಗಾರರು ಬಹಳ ಒತ್ತಾಯಿಸಿದರು. ಒಂದು ಸಾವಿರ ವ್ಯಾಟ್ ಎಳೆಯುವ ಏಸಿ ಈ ಬ್ಯಾಟರಿಯನ್ನು ಸುಮಾರು ಒಂದೂಕಾಲು ಗಂಟೆಯಲ್ಲಿ ಮುಗಿಸುತ್ತದೆ ಎಂಬ ಲೆಕ್ಕವನ್ನು ಅವರು ಹೇಳಲಿಲ್ಲ. ನಾವು ಚಾವಣಿಯಲ್ಲಿ ಬಿಸಿಗಾಳಿ ಹೊರಹಾಕುವ ಫ್ಯಾನ್ ಹಾಕಿಸಿ, ನೆರಳಿನಲ್ಲಿ ನಿಲ್ಲಿಸುತ್ತೇವೆ.

ನೆರಳು ಎಂದಾಗ ಒಂದು ಎಚ್ಚರಿಕೆ. ತೋಟದಲ್ಲಿ ತಂಗುವವರು ತೆಂಗಿನ ಮರದ ಕೆಳಗೆ ಟ್ರೇಲರ್ ನಿಲ್ಲಿಸಬಾರದು. ಬಲಿತ ಕಾಯಿಯೋ ಒಣಗಿದ ಗರಿಯೋ ಬಿದ್ದರೆ ಚಾವಣಿ ಒಡೆಯುತ್ತದೆ, ಮನುಷ್ಯರ ಮೇಲೆ ಬಿದ್ದರೆ ಹೇಳುವುದೇ ಬೇಡ. ನಾವು ಬದುವಿನ ಹೊಂಗೆಯ ಮರದಡಿ ನಿಲ್ಲಿಸುತ್ತೇವೆ. ಇದೇ ಕಾರಣಕ್ಕೆ ಸೌರಫಲಕವನ್ನು ಚಾವಣಿಗೆ ಕೂರಿಸದೆ, ಉದ್ದದ ತಂತಿಯೊಂದಿಗೆ ಬಿಡಿಯಾಗಿ ಇಟ್ಟುಕೊಂಡಿದ್ದೇವೆ: ಟ್ರೇಲರ್ ನೆರಳಲ್ಲಿ, ಫಲಕ ಬಿಸಿಲಲ್ಲಿ.

ದೋಷಗಳನ್ನೂ ಹೇಳಬೇಕು. ಕಾರಿಗೆ ಹಿಚ್ ಮತ್ತು ದೀಪಗಳ ಜೋಡಣೆ ಮಾಡಿದ ಬೇರೊಂದು ಅಂಗಡಿಯವರು ಕಾರಿನ ಹಿಂದಿನ ದೀಪದ ತಂತಿಯನ್ನೇ ಸುಲಿದು ಟ್ರೇಲರಿನ ತಂತಿಯನ್ನು ಸುತ್ತಿಬಿಟ್ಟಿದ್ದರು, ಫ್ಯೂಸ್ ಸಹ ಇರಲಿಲ್ಲ. ಎರಡನೆಯ ಪ್ರಯಾಣದಲ್ಲಿ ಟ್ರೇಲರಿನ ಬ್ರೇಕ್ ದೀಪ ಉರಿಯುತ್ತಿಲ್ಲವೆಂದು ಹಿಂದೆ ಬರುತ್ತಿದ್ದವರು ಕೂಗಿ ಹೇಳಿದ ಮೇಲೆ ನಮಗೆ ತಿಳಿಯಿತು. ಪ್ರತ್ಯೇಕ ರಿಲೇ ಮತ್ತು ಫ್ಯೂಸ್ ಇರುವ ಜೋಡಣೆಯನ್ನು ಮತ್ತೆ ಹೊಸದಾಗಿ ಮಾಡಿಸಬೇಕಾಯಿತು. ಮೂತಿಯ ಕೆಳಗಿನ ಪುಟ್ಟ ಚಕ್ರ ಬಹಳ ತಗ್ಗಿನಲ್ಲಿದ್ದು, ಹಳ್ಳಿಗಳ ಹಂಪುಗಳಿಗೆ ಎರಡು ಸಲ ತಾಗಿತು. ಈಗ ಹೊರಡುವ ಮೊದಲು ಅದನ್ನು ಕಳಚಿ ಒಳಗಿಡುತ್ತೇವೆ. ಚಕ್ರದ ನಟ್ಟುಗಳನ್ನು ಮೊದಲ ಐವತ್ತು ಕಿಲೋಮೀಟರ್ ಆದ ಮೇಲೆ ಮತ್ತೆ ಬಿಗಿ ಮಾಡಬೇಕೆಂದು ಕೈಪಿಡಿಯಲ್ಲಿ ಇರಲಿಲ್ಲ, ಬಿಗಿ ಮಾಡಿದಾಗ ಎರಡು ನಟ್ಟು ಸಡಿಲವಾಗಿದ್ದವು. ಟೈರು ಮಾತ್ರ ಸಣ್ಣ ಕಾರುಗಳ ಅಳತೆಯದೇ ಆಗಿರುವುದರಿಂದ ಯಾವ ಊರಿನಲ್ಲಾದರೂ ಸಿಗುತ್ತದೆ.

ಹಿಂದಕ್ಕೆ ತೆಗೆಯುವುದು ಕಲಿಯಲೇಬೇಕಾದ ವಿದ್ಯೆ. ಚಿಕ್ಕ ಟ್ರೇಲರ್ ದೊಡ್ಡದಕ್ಕಿಂತ ಬೇಗ ಅಡ್ಡ ತಿರುಗುತ್ತದೆ ಎಂಬುದು ನಮಗೆ ತಿಳಿದಿರಲಿಲ್ಲ. ಆದರೆ ಸಾಮಾನು ಇಳಿಸಿದ ಮೇಲೆ ಸಮತಟ್ಟಾದ ನೆಲದಲ್ಲಿ ಕಾರಿನಿಂದ ಬಿಡಿಸಿ, ನಾವಿಬ್ಬರೇ ಕೈಯಿಂದ ತಳ್ಳಿ ತಿರುಗಿಸಬಹುದು. ಹತ್ತು ಅಡಿಯ ಗೇಟಿನೊಳಗೆ ಮನೆಯ ಪಕ್ಕಕ್ಕೆ ಸೇರಿಸುವುದೂ ಹಾಗೆಯೇ. ತೋಟದ ಬಂಡಿದಾರಿಯ ಆ ಕೊನೆಯ ತಿರುವನ್ನು ಈ ಟ್ರೇಲರ್ ಮೊದಲ ಸಲವೇ ದಾಟಿದಾಗ, ಹಿಂದೆ ಬೇಲಿ ಬಿಚ್ಚಿಕೊಟ್ಟಿದ್ದವರು ಹೊಲದಿಂದಲೇ ಕೈಯೆತ್ತಿದರು.

ಬೆಲೆಯ ಬಗ್ಗೆ ಇಷ್ಟು ಹೇಳಬಲ್ಲೆ: ಒಟ್ಟು ಖರ್ಚಿನಲ್ಲಿ ಮೂರನೆಯ ಒಂದು ಭಾಗ ಒಳಗಿನ ಕೆಲಸ, ಹಿಚ್, ಬ್ಯಾಟರಿಗಳಿಗೆ ಹೋಗಿದೆ, ಹೊರಕವಚದ ಬೆಲೆಯನ್ನಷ್ಟೇ ನೋಡಿ ತೀರ್ಮಾನ ಮಾಡಬೇಡಿ. ದಿನಕ್ಕೊಂದು ಊರಿನಂತೆ ಹದಿನೈದು ದಿನ ಸುತ್ತುವ ಮನೆಯವರಿಗೆ ಇದು ಇಕ್ಕಟ್ಟಾದೀತು. ಅಂಥವರು ಸ್ನಾನದ ಕೋಣೆಯೂ ಇರುವ, ತನ್ನದೇ ಬ್ರೇಕ್ ಉಳ್ಳ ದೊಡ್ಡದನ್ನು ನೋಡಲಿ. ಒಂದೇ ಕಡೆ ಎರಡು ಮೂರು ರಾತ್ರಿ ನಿಲ್ಲುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡದು ಬೇಕಿಲ್ಲ.

ಇನ್ನೂ ಪರಿಹಾರವಾಗದ ಒಂದು ಕೊರತೆ ಧೂಳು. ಬೇಸಿಗೆಯ ಕೆಮ್ಮಣ್ಣಿನ ದಾರಿಯಲ್ಲಿ ಬಾಗಿಲಿನ ಕೆಳಗಿನ ಸಂದಿಯಿಂದ ಧೂಳು ನುಗ್ಗಿ, ತಲುಪುವ ಹೊತ್ತಿಗೆ ಹಾಸಿಗೆಯ ಮೇಲೆ ತೆಳುವಾದ ಪದರ ಕೂತಿರುತ್ತದೆ. ಅಂತರಸನಹಳ್ಳಿಯ ಬಡಗಿ ಎರಡು ಸಾಲಿನ ರಬ್ಬರ್ ಪಟ್ಟಿ ಹಾಕಿಕೊಡುವುದಾಗಿ ಒಪ್ಪಿಕೊಂಡಿದ್ದಾರೆ. ಅಲ್ಲಿಯವರೆಗೆ ಹೊರಡುವಾಗ ಹಾಸಿಗೆಗಳ ಮೇಲೆ ಹಳೆಯ ಪಂಚೆಗಳನ್ನು ಹೊದಿಸಿ, ತಲುಪಿದ ಮೇಲೆ ಅತ್ತೆಯವರು ಕೆಳಗಿಳಿಯುವ ಮೊದಲೇ ಮಗಳು ಅವುಗಳನ್ನು ಕೊಡವಿ ಹೊಂಗೆಯ ಕೊಂಬೆಗೆ ಹಾಕುತ್ತಾಳೆ.